ಗಾಡಿಯ ಎಂಜಲು

ಫೆಬ್ರವರಿಯ ಎರಡನೇ ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ದೊಡ್ಡಬಳ್ಳಾಪುರದ ಹೊರಗೆ ಮಗ್ಗದ ಶೆಡ್ಡುಗಳ ಸಾಲಿನಲ್ಲಿರುವ ಒಂದು ಗ್ಯಾರೇಜು. ಹಾಜರಿದ್ದವರು ಗ್ಯಾರೇಜಿನ ಮೆಕ್ಯಾನಿಕ್, ನಮ್ಮ ಬೀದಿಯ ವ್ಯಾನಿನ ಯಜಮಾನ, ಅವನ ತಾಯಿ ಮತ್ತು ನಾನು.

ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿದ್ದಷ್ಟು ವರ್ಷವೂ ಕೆಲಸ ಶುರುವಾಗುವ ಮೊದಲು ಇಷ್ಟನ್ನು ಬರೆದಿಡುವುದು ನನ್ನ ಪಾಲಿನ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೂ ಯಾವುದನ್ನಾದರೂ ನೆನಪಿಸಿಕೊಳ್ಳಲು ಕೂತರೆ ಮನಸ್ಸು ಮೊದಲು ಹಾಜರಿ ತೆಗೆದುಕೊಳ್ಳುತ್ತದೆ. ಆ ದಿನ ರೋಗಿಯ ಜಾಗದಲ್ಲಿ ನಿಂತಿದ್ದದ್ದು ಒಂದು ಹಳದಿ ವ್ಯಾನು. ಟರ್ಬೊ ಇರುವ ಡೀಸೆಲ್ ಎಂಜಿನ್ನು. ವಾರದ ದಿನಗಳಲ್ಲಿ ಸುತ್ತಲಿನ ಹಳ್ಳಿಗಳ ಮಕ್ಕಳನ್ನು ಶಾಲೆಗೆ ಕರೆತರುವುದು ಅದರ ಕಸುಬು.

ಎರಡನೇ ಶನಿವಾರ ಶಾಲೆಗೆ ರಜೆ. ಅಂದು ವ್ಯಾನು ನಮ್ಮದು. ನಾನೂ ಯಜಮಾನನ ತಾಯಿಯೂ ಅದರಲ್ಲಿ ಕುಂದಾಣಕ್ಕೆ ಹೋಗುತ್ತೇವೆ. ಅಲ್ಲಿ ಆಕೆಯ ತಂಗಿಯ ಮನೆಯ ಜಗಲಿಯ ಮೇಲೆ ಊರಿನ ವಯಸ್ಸಾದವರು ಸೇರುತ್ತಾರೆ, ನಾನು ಒಬ್ಬೊಬ್ಬರದಾಗಿ ಬಿಪಿ ನೋಡುತ್ತೇನೆ. ಅಂದು ಕುಂದಾಣದ ದಾರಿ ಹಿಡಿಯಬೇಕಾದ ವ್ಯಾನು ಗ್ಯಾರೇಜಿನ ಕಡೆ ತಿರುಗಿತು.

“ಯಾಕೋ?” ಎಂದೆ ವ್ಯಾನು ಓಡಿಸುತ್ತಿದ್ದ ಯಜಮಾನನಿಗೆ.

“ಲೈಟು, ಸಿಸ್ಟರಮ್ಮ. ಎಂಜಿನ್ ಲೈಟು ಆರ್ತಾನೇ ಇಲ್ಲ. ದಿಣ್ಣೆ ಹತ್ತೋವಾಗ ಉಸಿರೇ ಇಲ್ದಂಗೆ ಆಡ್ತದೆ. ನೆನ್ನೆ ಪಿ.ಟಿ. ಮೇಷ್ಟ್ರು ನೋಡ್ಬಿಟ್ರು.”

ಶಾಲೆಯ ವ್ಯಾನುಗಳ ಉಸ್ತುವಾರಿ ಪಿ.ಟಿ. ಮೇಷ್ಟರದು. ಅವರು ಹೇಳಿದ್ದು ಇಷ್ಟು: ಮಕ್ಕಳನ್ನು ತುಂಬಿಕೊಂಡು ದಿಣ್ಣೆಯ ಮಧ್ಯೆ ನಿಂತುಹೋಗುವ ಗಾಡಿ ತಮಗೆ ಬೇಡ. ಶನಿವಾರ ಸಂಜೆ ನಾಲ್ಕಕ್ಕೆ ಶಾಲೆಯ ಮೈದಾನಕ್ಕೆ ತಂದು ತೋರಿಸಬೇಕು. ಲೈಟು ಆರಿರಬೇಕು, ದಿಣ್ಣೆ ಹತ್ತಬೇಕು. ಇಲ್ಲದಿದ್ದರೆ ಸೋಮವಾರದಿಂದ ಆ ರೂಟಿಗೆ ಬೇರೆ ವ್ಯಾನು.

ಅವನ ಮುಖ ನೋಡಿದರೆ ಮಾತು ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯುತ್ತಿತ್ತು. ಯಾವ ಮಗು ಯಾವ ತಿರುವಿನಲ್ಲಿ ವಾಂತಿ ಮಾಡಿಕೊಳ್ಳುತ್ತದೆ, ಯಾವುದಕ್ಕೆ ಕಿಟಕಿ ಬೇಕು, ಯಾವ ಇಬ್ಬರನ್ನು ಒಂದೇ ಸೀಟಿನಲ್ಲಿ ಕೂರಿಸಬಾರದು ಎಂಬುದೆಲ್ಲ ಅವನಿಗೆ ಬಾಯಿಪಾಠ. ಆ ರೂಟು ಕೈಬಿಟ್ಟರೆ ಅವನು ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ ಎಂದು ನನಗೂ ತೋಚಲಿಲ್ಲ.

ಅವನ ತಾಯಿ ನನ್ನ ಚೀಲದ ಕಡೆ ಕಣ್ಣು ಹಾಯಿಸಿದರು. “ಹೆಂಗಿದ್ರೂ ಮಿಷನ್ ತಂದಿದೀರ. ಗಾಡಿಗೂ ಒಂದ್ಸಲ ಬಿಪಿ ನೋಡಿ, ಸಿಸ್ಟರಮ್ಮ.”

ಮೆಕ್ಯಾನಿಕ್ ಸ್ಟಿಯರಿಂಗಿನ ಕೆಳಗೆ ಒಂದು ವೈರು ಸಿಕ್ಕಿಸಿ ಕೈಯಲ್ಲಿದ್ದ ಪುಟ್ಟ ಪರದೆ ನೋಡತೊಡಗಿದರು. ಐವತ್ತು ದಾಟಿದ ಮನುಷ್ಯ. ಮನೆಯವರೊಡನೆ ಫೋನಿನಲ್ಲಿ ದಖ್ಖನಿ, ನಮ್ಮೊಡನೆ ಕನ್ನಡ, ಬೋಲ್ಟಿನೊಡನೆ ಎರಡೂ. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ಓಡುತ್ತಿದ್ದರಿಂದ ಎಲ್ಲರೂ ಕೂಗಿಯೇ ಮಾತಾಡಬೇಕಿತ್ತು.

“ಇ.ಜಿ.ಆರ್. ತೋರಿಸ್ತಾ ಐತೆ, ಗುರು. ಹೊಗೆ ವಾಪಸ್ ಬರೋ ದಾರೀಲಿ ಹೊಗೇನೇ ಬರ್ತಾ ಇಲ್ಲ ಅಂತದೆ. ಯಾರಾದ್ರೂ ಕೈ ಹಾಕಿದ್ರಾ ಇದಕ್ಕೆ?”

“ಇಲ್ಲ ಭಾಯ್.”

“ಸರ್ವೀಸಲ್ಲಿ?”

“ಇಲ್ಲ ಅಂದ್ನಲ್ಲ.” ಹಾಗೆಂದವನು ಶೆಡ್ಡಿನ ತಗಡಿನ ಮಾಡು ನೋಡುತ್ತಿದ್ದ.

ಹೊಗೆ ವಾಪಸ್ ಬರುವ ದಾರಿ ಎಂಬ ಮಾತು ನನ್ನ ಕಿವಿಗೆ ಬಿತ್ತು. ಗಾಡಿ ಹೊಗೆಯನ್ನು ಹೊರಗೆ ಬಿಡುತ್ತದೆ ಎಂದು ಗೊತ್ತು. ವಾಪಸ್ ಯಾಕೆ ಬರಬೇಕು? ಕೇಳಿದೆ.

“ಅದೇ ಸಿಸ್ಟರಮ್ಮ, ಈಗಿನ ಗಾಡೀಲಿ ಸೈಲೆನ್ಸರ್‌ಗೆ ಹೋಗೋ ಹೊಗೇಲಿ ಒಂದು ಪಾಲು ತಿರುಗಿ ಎಂಜಿನ್ ಒಳಕ್ಕೆ ಕಳಿಸ್ತಾರೆ. ಹೊಸ ಗಾಳಿ ಜೊತೆ ಸೇರಿಸಿ.”

“ಥೂ!” ಎಂದರು ವ್ಯಾನಿನವನ ತಾಯಿ. “ಅದಕ್ಕೇ ಅವತ್ತೇ ಹೇಳ್ದೆ ನಾನು, ಅದು ಎಂಜಲು ಅಂತ. ತಾನು ಬಿಟ್ಟ ಹೊಗೆ ತಾನೇ ಕುಡಿಯೋದಾ?”

ಅವನು ಅವ್ವನ ಸೆರಗನ್ನು ಮೆಲ್ಲಗೆ ಎಳೆದ. ತಡವಾಗಿತ್ತು. ಮೆಕ್ಯಾನಿಕ್ ಆಗಲೇ ಬಾನೆಟ್ಟಿನೊಳಗೆ ತಲೆ ಹಾಕಿ ಸ್ಪ್ಯಾನರ್ ಹಿಡಿದಿದ್ದರು.

ಆಕೆಯ ಎಂಜಲಿನ ಶಿಸ್ತು ನಮ್ಮ ಬೀದಿಗೆಲ್ಲ ಗೊತ್ತು. ಅವರ ಮನೆಯಲ್ಲಿ ಲೋಟಕ್ಕೆ ತುಟಿ ತಾಗಿಸುವಂತಿಲ್ಲ, ಎತ್ತಿ ಕುಡಿಯಬೇಕು. ಉಂಡ ಕೈಯಲ್ಲಿ ಸೌಟು ಮುಟ್ಟಿದರೆ ಆ ಪಾತ್ರೆಯ ಸಾರು ಬೇರೆಯವರ ತಟ್ಟೆಗೆ ಹೋಗುವುದಿಲ್ಲ. ಈ ಒಂದು ವಿಷಯದಲ್ಲಿ ನಮ್ಮಿಬ್ಬರಿಗೂ ಒಳ್ಳೆಯ ಹೊಂದಾಣಿಕೆ. ಥಿಯೇಟರಿನಲ್ಲೂ ನಮ್ಮದು ಅದೇ ಮಡಿ. ತೊಳೆದ ಕೈ ತೊಳೆಯದ ಯಾವುದನ್ನೂ ಮುಟ್ಟಬಾರದು.

ಎರಡು ಬೋಲ್ಟು ಬಿಚ್ಚಿ ಒಂದು ಕೊಳವೆಯನ್ನು ಎಳೆದಾಗ ಅದರ ಬಾಯಿಂದ ಒಂದು ತಗಡು ಕೆಳಗೆ ಬಿತ್ತು. ಮೆಕ್ಯಾನಿಕ್ ಅದನ್ನು ಬಟ್ಟೆಯಲ್ಲಿ ಒರೆಸಿದರು. ಮಸಿಯ ಅಡಿಯಿಂದ ಸ್ಟೀಲು ಹೊಳೆಯಿತು. ಸ್ಟೀಲಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರ. ‘ಮ್ಮ’.

ನಮ್ಮ ಕಡೆ ಹೊಸ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಹಾಕಿಸಿಕೊಂಡು ಬರುತ್ತೇವೆ. ಇದು ಯಾರದೋ ಊಟದ ತಟ್ಟೆ. ಹೆಸರಿನ ಮುಂಭಾಗ ಕತ್ತರಿಗೆ ಹೋಗಿತ್ತು, ಬಾಲ ಉಳಿದಿತ್ತು. ಯಾರ ಬಾಲವೆಂದು ಗುರುತಿಸಲು ಆಕೆಗೆ ಒಂದು ಗಳಿಗೆಯೂ ಬೇಕಾಗಲಿಲ್ಲ.

“ನನ್ ತಟ್ಟೆ! ದೀಪಾವಳಿಯಿಂದ ಹುಡುಕ್ತಾ ಇದೀನಲ್ಲೋ! ಸೊಸೆ ತವರಿಗೆ ಸಾಗಿಸವ್ಳೆ ಅಂದ್ಕೊಂಡಿದ್ದೆ. ಅಯ್ಯೋ ಶಿವನೇ, ಬಾಯ್ಬಿಟ್ಟು ಕೇಳಿದ್ದೀನಿ ಕಣ್ಲಾ ಅವಳ್ನ!”

“ನೀನೇ ಅಲ್ವೇನವ್ವ ಮುಚ್ಚಾಕು ಅಂದಿದ್ದು?”

“ನನ್ ತಟ್ಟೇಲಿ ಮುಚ್ಚು ಅಂದ್ನಾ?”

ಮೆಕ್ಯಾನಿಕ್ ನಗು ತಡೆಯಲಾಗದೆ ಬಾನೆಟ್ಟಿಗೆ ಒರಗಿದರು. “ಅವ್ವಾ, ಉಂಡ ತಟ್ಟೆ ಅಡ್ಡ ಇಟ್ಟು ಎಂಜಲು ತಡೆದವ್ನೆ ನಿಮ್ಮ ಮಗ. ಇಂಥ ಮಡಿ ನಾನು ನೋಡೇ ಇಲ್ಲ!”

ಆಮೇಲೆ ಎಲ್ಲ ಹೊರಗೆ ಬಂತು. ದೇವನಹಳ್ಳಿಯ ಕಡೆ ಟೀ ಅಂಗಡಿಯಲ್ಲಿ ಇನ್ನೊಬ್ಬ ಡ್ರೈವರು ಹೇಳಿದ್ದನಂತೆ: ಹೊಸ ಎಂಜಿನ್ನು ತನ್ನ ಹೊಗೆಯನ್ನು ತಾನೇ ನುಂಗಿ ಒಳಗೆಲ್ಲ ಮಸಿ ಕಟ್ಟಿಕೊಳ್ಳುತ್ತದೆ, ಆ ಕೊಳವೆಗೆ ಒಂದು ತಗಡು ಅಡ್ಡ ಹಾಕಿದರೆ ಗಾಡಿ ಕುದುರೆ. ಇವನು ಊಟಕ್ಕೆ ಕೂತಾಗ ಅದನ್ನು ಹೇಳಿದ. ತಾಯಿ ಎಂಜಲು ಎಂದರು. ಅಡ್ಡ ಹಾಕಲು ಗಟ್ಟಿ ತಗಡು ಬೇಕಿತ್ತು, ಎದುರಿಗೆ ತಟ್ಟೆ ಇತ್ತು. ಮೊದಲು ಗಾಡಿ ಹುಷಾರಾಗಿಯೇ ಓಡಿತು. ಒಂದೆರಡು ವಾರದಲ್ಲಿ ಲೈಟು ಹತ್ತಿತು. ಒಳಗಿನ ಕಂಪ್ಯೂಟರು ತಾನು ಕಾಯುತ್ತಿದ್ದ ಹೊಗೆ ಬರದಿದ್ದಕ್ಕೆ ಹೆದರಿ ಎಂಜಿನ್ನಿನ ಬಲವನ್ನೇ ಕುಗ್ಗಿಸಿಬಿಟ್ಟಿತ್ತು ಎಂದು ಮೆಕ್ಯಾನಿಕ್ ಬಿಡಿಸಿ ಹೇಳಿದರು.

ನನಗೆ ಮಾತ್ರ ಬೇರೆಯದೇ ಪ್ರಶ್ನೆ ಹತ್ತಿತ್ತು. ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವುದು ನನಗೆ ಹೊಸದಲ್ಲ. ಅರಿವಳಿಕೆ ಯಂತ್ರದಲ್ಲಿ ಅದೇ ನಡೆಯುತ್ತದೆ. ರೋಗಿ ಬಿಟ್ಟ ಗಾಳಿ ಕೊಳವೆಯಲ್ಲಿ ಸುತ್ತಿ ಬಂದು ಹೊಸ ಆಮ್ಲಜನಕದೊಡನೆ ಸೇರಿ ಮತ್ತೆ ರೋಗಿಗೇ ಹೋಗುತ್ತದೆ. ಆದರೆ ದಾರಿಯಲ್ಲಿ ಸುಣ್ಣದ ಹರಳು ತುಂಬಿದ ಒಂದು ಡಬ್ಬಿ ಇರುತ್ತದೆ. ಉಸಿರಿನ ಕೆಟ್ಟ ಅನಿಲವನ್ನು ಅದು ಹೀರಿಕೊಳ್ಳುತ್ತದೆ. ಹರಳಿನ ಬಣ್ಣ ತಿರುಗಿದೆಯೇ ಎಂದು ಪ್ರತಿ ಬೆಳಿಗ್ಗೆ ನೋಡುತ್ತಿದ್ದವಳು ನಾನು.

“ಹಾಗಾದರೆ ಇದರಲ್ಲಿ ಸುಣ್ಣದ ಡಬ್ಬಿ ಎಲ್ಲಿದೆ?” ಎಂದು ಕೇಳಿದೆ.

“ಎಂಥ ಡಬ್ಬಿ?”

“ಹೊಗೆಯಲ್ಲಿರುವ ಕೆಟ್ಟದ್ದನ್ನು ತೆಗೆಯುವುದು.”

“ತೆಗೆಯಲ್ಲ, ಸಿಸ್ಟರಮ್ಮ. ನೀರು ಓಡೋ ಈ ಡಬ್ಬೀಲಿ ಸ್ವಲ್ಪ ತಣ್ಣಗೆ ಮಾಡ್ತಾರೆ, ಅಷ್ಟೆ. ಆ ಕೆಟ್ಟದ್ದೇ ಬೇಕು.”

ಅಲ್ಲಿ ನನ್ನ ಲೆಕ್ಕ ತಲೆಕೆಳಗಾಯಿತು. ಮೆಕ್ಯಾನಿಕ್ ಕೊಳವೆ ಉಜ್ಜುತ್ತಲೇ ಹೇಳಿದ್ದನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ. ಬರೀ ಹೊಸ ಗಾಳಿ ಸಿಕ್ಕರೆ ಡೀಸೆಲ್ಲು ಅತಿಯಾದ ಬಿಸಿಯಲ್ಲಿ ಉರಿಯುತ್ತದೆ. ಆ ಬಿಸಿಯಲ್ಲಿ ಗಾಳಿಯೊಳಗಿನ ನೈಟ್ರೋಜನ್ನೂ ಆಮ್ಲಜನಕವೂ ಕೂಡಿಕೊಂಡು ಎದೆಗೆ ಕೆಟ್ಟದ್ದಾದ ಅನಿಲವಾಗುತ್ತದೆ. ಒಮ್ಮೆ ಉರಿದು ಬಂದ ಹೊಗೆಯಲ್ಲಿ ಉರಿಸುವ ಕಸುವು ಕಡಿಮೆ. ಅದನ್ನು ಒಂದಿಷ್ಟು ಬೆರೆಸಿದರೆ ಅದು ಒಳಗೆ ಜಾಗ ಹಿಡಿದು ಕೂರುತ್ತದೆ, ಬೆಂಕಿ ಸಮಾಧಾನವಾಗಿ ಉರಿಯುತ್ತದೆ. ನಮ್ಮ ಯಂತ್ರದಲ್ಲಿ ಯಾವುದನ್ನು ತೆಗೆದು ರೋಗಿಯನ್ನು ಉಳಿಸುತ್ತಿದ್ದೆವೋ ಇಲ್ಲಿ ಅದನ್ನೇ ಬೇಕೆಂದು ಕೊಡುತ್ತಾರೆ. ಇಷ್ಟು ವರ್ಷ ಬಸ್ಸಿನ ಹೊಗೆಗೆ ಮೂಗು ಮುಚ್ಚಿಕೊಂಡವಳಿಗೆ ಅದರಲ್ಲೂ ಒಂದು ಚಾಕರಿ ಇದೆ ಎಂದು ತಿಳಿದದ್ದು ಆವತ್ತೇ.

ಗಾಳಿಯ ಕೊಳವೆಯನ್ನೂ ಹೊಗೆಯ ಕೊಳವೆಯನ್ನೂ ತೊಳೆದು, ಒಣಗಿಸಿ, ತಟ್ಟೆಯಿಲ್ಲದೆ ಮೊದಲಿನಂತೆ ಜೋಡಿಸುವಷ್ಟರಲ್ಲಿ ಹತ್ತು ದಾಟಿತು. ಪರದೆಯಲ್ಲಿ ಏನೋ ಒತ್ತಿ ಲೈಟು ಆರಿಸಿದರು. ವ್ಯಾನಿನವನು ಕೈಮುಗಿದು ಸೀಟಿಗೆ ಹತ್ತಿದ. ಮೆಕ್ಯಾನಿಕ್ ಪಕ್ಕದಲ್ಲಿ ಕೂತರು. ಕೆರೆ ಏರಿಯ ಆಚೆಗಿನ ದಿಣ್ಣೆಯವರೆಗೆ ಹೋಗಿ ಬಂದರು.

ಬರುವಾಗ ವ್ಯಾನಿನ ಹಿಂದೆ ಕಪ್ಪು ಹೊಗೆಯ ಬಾಲ. ಲೈಟು ಮತ್ತೆ ಹತ್ತಿತ್ತು.

ಎಂಜಿನ್ನನ್ನು ಆರಿಸದೆಯೇ ಮೆಕ್ಯಾನಿಕ್ ಬಾನೆಟ್ಟು ಎತ್ತಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಪಕ್ಕದ ಶೆಡ್ಡಿನ ಮಗ್ಗಗಳು ಒಂದೊಂದಾಗಿ ಸುಸ್ತಾಗಿ ನಿಂತವು. ಆ ಸದ್ದು ನಿಂತ ಮೇಲೆ ಎಂಜಿನ್ನಿನ ಸದ್ದು ಮೊದಲ ಸಲ ಸರಿಯಾಗಿ ಕೇಳಿತು. ಮೂರು ಹೆಜ್ಜೆ ಸರಿ, ನಾಲ್ಕನೆಯದು ಕುಂಟು. ನಾಡಿ ಹಿಡಿದು ಬಾಳಿದವಳಿಗೆ ಅದು ತಪ್ಪುವುದಿಲ್ಲ.

“ಒಂದು ಹೆಜ್ಜೆ ಬಿಟ್ಟುಬಿಟ್ಟು ಹಾಕುತ್ತಿದೆ” ಎಂದೆ.

ಮೆಕ್ಯಾನಿಕ್ ಪರದೆ ನೋಡಿದರು. ನಾಲ್ಕು ಸಿಲಿಂಡರುಗಳಲ್ಲಿ ಒಂದು ಸೋಮಾರಿಯಾಗಿತ್ತು. ಹೊಗೆ ಒಳಬರುವ ಬಾಯಿಗೆ ಎಲ್ಲಕ್ಕಿಂತ ಹತ್ತಿರ ಇರುವುದು.

“ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ಹೋಗಿರ್ಬೇಕು, ಗುರು. ಬಿಚ್ಚಿ ಬೆಂಗ್ಳೂರಿಗೆ ಕಳಿಸ್ಬೇಕು. ಸೋಮವಾರ ಆಗ್ತದೆ, ಇಲ್ಲ ಮಂಗಳವಾರ.”

ವ್ಯಾನಿನವನು ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಮಣ್ಣಿನ ಮೇಲೆ ಬೆರಳಾಡಿಸಿದ. ಅವನ ತಾಯಿ ಆ ತನಕ ತಟ್ಟೆಯ ತುಂಡನ್ನು ಹಿಡಿದುಕೊಂಡು ಬೈಯುತ್ತಿದ್ದವರು ಅದನ್ನು ಚೀಲದೊಳಗೆ ಹಾಕಿದರು.

“ಬಿಚ್ಚುವ ಮೊದಲು ಗಾಳಿಯ ದಾರಿಯನ್ನು ಇನ್ನೊಮ್ಮೆ ತೆಗೆದು ನೋಡೋಣವೇ?” ಎಂದು ಕೇಳಿದೆ. ನನಗೆ ಇಂಜೆಕ್ಟರಿನ ಗಂಧವೂ ಇಲ್ಲ. ಕೇಳಿದ್ದು ಥಿಯೇಟರಿನ ಅಭ್ಯಾಸದಿಂದ. ಏನಾದರೂ ಕೆಟ್ಟರೆ ಕೊನೆಯದಾಗಿ ಕೈ ಹಾಕಿದ ಜಾಗವನ್ನು ಮೊದಲು ನೋಡಬೇಕು.

ಮೆಕ್ಯಾನಿಕ್ಕಿಗೆ ಮನಸ್ಸಿರಲಿಲ್ಲ. ಆದರೂ ಬಿಚ್ಚಿದರು. ಒಂದು ಗಂಟೆಯ ಹಿಂದೆ ತೊಳೆದು ಹೊಳೆಯುತ್ತಿದ್ದ ಅಲ್ಯೂಮಿನಿಯಮ್ ಕೊಳವೆಯೊಳಗೆ ಒಂದೇ ಬದಿಗೆ ಕಾಡಿಗೆ ತೀಡಿದಂತೆ ಕಪ್ಪು ಗೆರೆ. ಹೊಗೆಯ ಬಾಯಿಂದ ಹೊರಟ ಗೆರೆ ಗೋಡೆಗೆ ಅಂಟಿಕೊಂಡೇ ಹೋಗಿ ಮೊದಲ ಸಿಲಿಂಡರಿನ ಕವಲಿಗೆ ತಿರುಗಿತ್ತು. ಉಳಿದ ಮೂರು ಕವಲು ಸ್ವಚ್ಛ.

ಅವನ ತಾಯಿ ಬಗ್ಗಿ ನೋಡಿದರು. “ಇದೇನ್ ಸಾಬ್ರೇ, ಹೆಪ್ಪು ಹಾಕಿ ಕಲಸ್ದೇ ಬಿಟ್ಟಂಗೈತೆ?”

“ಏನಂದ್ರಿ ಅವ್ವಾ?”

“ಹಾಲಿಗೆ ಹೆಪ್ಪು ಹಾಕಿ ಕಲಸ್ದೇ ಇಟ್ರೆ ಬೆಳಿಗ್ಗೆ ಒಂದ್ ಕಡೆ ಗಡ್ಡೆ, ಒಂದ್ ಕಡೆ ನೀರು. ಹಂಗೇ ಆಗೈತಲ್ಲ. ಎಲ್ಲಾ ಒಬ್ಬನ ಬಾಯಿಗೇ ಹೋಗೈತೆ.”

ಮೆಕ್ಯಾನಿಕ್ ಸ್ಪ್ಯಾನರನ್ನು ಕೆಳಗಿಟ್ಟರು. “ಸಹಿ ಬಾತ್, ಸರಿಯಾದ ಮಾತು” ಎಂದರು ತಮಗೇ ಹೇಳಿಕೊಂಡ ಹಾಗೆ.

ಸಿಲಿಂಡರು ಕೆಟ್ಟಿರಲಿಲ್ಲ. ನಾಲ್ಕು ಜನಕ್ಕೆ ಹಂಚಬೇಕಾದ ಹೊಗೆಯನ್ನೆಲ್ಲ ಅದೊಂದೇ ಕುಡಿದು ಕೆಮ್ಮುತ್ತಿತ್ತು. ಹೊಗೆ ಗಾಳಿಯೊಡನೆ ಯಾಕೆ ಬೆರೆಯಲಿಲ್ಲ ಎಂಬುದು ಉಳಿದ ಪ್ರಶ್ನೆ. ಅದರ ಹಿಂದೆಯೇ ಇನ್ನೊಂದು ಎದ್ದಿತು. ಟರ್ಬೊ ಎಂದರೆ ಗಾಳಿಯನ್ನು ಒತ್ತಿ ಒಳಗೆ ತುಂಬುವ ಚಕ್ರ. ಹಾಗೆ ಒತ್ತಡದಲ್ಲಿ ಬರುವ ಗಾಳಿಯ ನಡುವೆ ಪಕ್ಕದ ತೂತಿನಿಂದ ಹೊಗೆ ನುಗ್ಗುವುದಾದರೂ ಹೇಗೆ? ಬೆಳಗಿನ ಬೆಂಗಳೂರು ಬಸ್ಸಿನಿಂದ ಜನ ಇಳಿಯುತ್ತಿರುವಾಗ ಅದೇ ಬಾಗಿಲಲ್ಲಿ ಹತ್ತುವವರ ಪಾಡು ನೆನಪಾಯಿತು.

“ಹೊಗೆಯೂ ಒತ್ತಡದಲ್ಲೇ ಇರ್ತದೆ, ಟರ್ಬೊ ಚಕ್ರ ತಿರುಗಿಸಬೇಕಲ್ಲ” ಎಂದರು ಮೆಕ್ಯಾನಿಕ್. “ಆದ್ರೂ ಕೆಲವು ಸಲ ಸರಿಸಮ ಆಗ್ಬಿಡ್ತದೆ. ಆಗ ಹೆಂಗೆ ನುಗ್ತದೆ ಅಂತ ನಾನೂ ಯೋಚ್ನೆ ಮಾಡಿಲ್ಲ. ಪೈಪ್ ಹಾಕ್ತೀವಿ, ಓಡ್ತದೆ.”

ಕೊಳವೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದೆ. ಹೊಗೆ ಸೇರುವ ಜಾಗದಲ್ಲಿ ಗಾಳಿಯ ದಾರಿ ಸೊಂಟದ ಹಾಗೆ ಸಣ್ಣಗಾಗಿತ್ತು. ಆ ಸಣ್ಣ ಸೊಂಟ ನನಗೆ ಪರಿಚಯದ್ದು. ಆಮ್ಲಜನಕದ ಒಂದು ಬಗೆಯ ಮಾಸ್ಕಿಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಮೂತಿಗಳಿರುತ್ತವೆ. ಒಳಗೆ ಸೂಜಿಯಷ್ಟು ಸಣ್ಣ ತೂತು, ಪಕ್ಕದಲ್ಲಿ ಕಿಟಕಿಗಳು. ಸಣ್ಣ ತೂತಿನಿಂದ ಆಮ್ಲಜನಕ ಜೋರಾಗಿ ಹಾಯುವಾಗ ಕಿಟಕಿಯಿಂದ ಕೋಣೆಯ ಗಾಳಿ ತಾನಾಗಿ ಎಳೆದುಕೊಂಡು ಬಂದು ಬೆರೆಯುತ್ತದೆ. ಯಾರೂ ದಬ್ಬಬೇಕಾಗಿಲ್ಲ. ದಾರಿ ಸಣ್ಣಗಾದರೆ ಓಟ ಹೆಚ್ಚು, ಓಟ ಹೆಚ್ಚಾದರೆ ಪಕ್ಕದ್ದನ್ನು ಎಳೆದುಕೊಳ್ಳುತ್ತದೆ. ಇದನ್ನು ಹೊಸ ನರ್ಸುಗಳಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೇನೋ.

ಹೊಗೆಯ ಕೊಳವೆಯ ತುದಿ ಆ ಸೊಂಟದೊಳಗೆ ಚಾಚಿಕೊಂಡಿತ್ತು. ನೇರವಾಗಿ ಕತ್ತರಿಸಿದ ತುದಿಯಲ್ಲ, ಬಿದಿರನ್ನು ಓರೆಯಾಗಿ ಸೀಳಿದಂಥ ಬಾಯಿ.

“ಈ ಓರೆ ಬಾಯಿ ಯಾವ ಕಡೆ ನೋಡಬೇಕು?” ಎಂದೆ.

“ಎರಡೇ ಬೋಲ್ಟಲ್ವಾ, ಹೆಂಗೆ ತಿರುಗಿಸಿದ್ರೂ ಕೂರ್ತದೆ. ಹೆಂಗಿತ್ತೋ ಹಂಗೇ ಹಾಕ್ದೆ.”

ನಾವೆಲ್ಲ ವ್ಯಾನಿನವನನ್ನು ನೋಡಿದೆವು.

“ತಟ್ಟೆ ಹಾಕೋವಾಗ ನಾನೂ ಬಿಚ್ಚಿದ್ದೆ” ಎಂದ ಅವನು ಎದ್ದು ನಿಂತು. “ಹಿಂದೆ ಯಾವ ಕಡೆ ಇತ್ತು ಅಂತ ನೆನಪಿಲ್ಲ. ಗಾಳಿ ಬರೋ ಕಡೆಗೆ ಬಾಯಿ ತೆರೆದು ಇಟ್ಟೆ. ಅದೇ ನ್ಯಾಯ ಅನ್ನಿಸ್ತು.”

ನನಗೂ ಒಂದು ಕ್ಷಣ ಅದೇ ಸರಿ ಎನ್ನಿಸಿತು. ಗಾಳಿಗೆ ಎದುರು ನಿಂತರೆ ತಾನೇ ಎರಡೂ ಡಿಕ್ಕಿ ಹೊಡೆದು ಬೆರೆಯುವುದು? ಮೆಕ್ಯಾನಿಕ್ಕಿಗೆ ಅದು ತಪ್ಪೆನ್ನಿಸಿತು, ಕಾರಣ ಹೊಳೆಯಲಿಲ್ಲ. ವಾದ ಮಾಡಿ ಫಲವಿರಲಿಲ್ಲ. ನೋಡಿಬಿಡೋಣ ಎಂದೆ.

ಅವನ ತಾಯಿಯ ಚೀಲದಲ್ಲಿ ಕುಂದಾಣದ ದೇವಸ್ಥಾನಕ್ಕೆಂದು ಇಟ್ಟುಕೊಂಡ ಊದುಬತ್ತಿ ಇತ್ತು. ಗ್ಯಾರೇಜಿನಲ್ಲಿ ನೀರಿನ ಖಾಲಿ ಬಾಟಲಿ ಇತ್ತು. ಅದರ ತಳ ಕತ್ತರಿಸಿ, ನಡುವನ್ನು ದಾರದಿಂದ ಬಿಗಿದು ಸೊಂಟ ಮಾಡಿ, ಆ ಸೊಂಟಕ್ಕೆ ತೂತು ಕೊರೆದೆ. ಬಾಲ್ ಪೆನ್ನಿನ ಹೊರಗವಸನ್ನು ಓರೆಯಾಗಿ ಕತ್ತರಿಸಿ ತೂತಿಗೆ ಸಿಕ್ಕಿಸಿದೆ. ಕರೆಂಟು ಹೋಗಿದ್ದರೂ ಟೈರಿಗೆ ಹೊಡೆಯುವ ಗಾಳಿ ಟ್ಯಾಂಕಿನಲ್ಲಿ ಉಳಿದಿತ್ತು. ಮೆಕ್ಯಾನಿಕ್ ಅದರ ಪೈಪನ್ನು ಬಾಟಲಿಯ ಬಾಯಿಗೆ ಹಿಡಿದು ಮೆಲ್ಲಗೆ ಬಿಟ್ಟರು. ವ್ಯಾನಿನವನು ಪೆನ್ನಿನ ಕೆಳಗೆ ಊದುಬತ್ತಿ ಹಿಡಿದ.

ಮೊದಲು ಅವನ ನ್ಯಾಯದಂತೆ ಬಾಯಿ ಗಾಳಿಗೆ ಎದುರಾಗಿ. ಹೊಗೆ ಒಳಗೆ ಹೋಗುವುದಿರಲಿ, ಗಾಳಿಯೇ ಪೆನ್ನಿನೊಳಗೆ ಇಳಿದು ಊದುಬತ್ತಿಯ ಕಿಡಿಯನ್ನು ಅವನ ಬೆರಳಿಗೆ ಹಾರಿಸಿತು.

“ಹಾ!”

“ಸ್ವಲ್ಪ ಕಡಿಮೆ ಬಿಡಿ” ಎಂದೆ. ಗಾಳಿ ಕಡಿಮೆಯಾದಾಗ ಹೊಗೆ ನಿಧಾನ ಒಳಗೆ ತೂರಿತು. ತೂರಿ ಬಾಟಲಿಯ ಗೋಡೆಗೆ ಒರಗಿಕೊಂಡು, ಹುಷಾರಿಲ್ಲದವರಂತೆ ಒಂದೇ ಬದಿಯಲ್ಲಿ ನಡೆದುಹೋಯಿತು. ಕೊಳವೆಯೊಳಗಿನ ಕಪ್ಪು ಗೆರೆ ಕಣ್ಣಮುಂದೆ ನಡೆದಂತಿತ್ತು.

ಪೆನ್ನನ್ನು ತಿರುಗಿಸಿದೆ. ಈಗ ಓರೆ ಬಾಯಿ ಗಾಳಿ ಹೋಗುವ ಕಡೆಗೆ, ಬೆನ್ನು ಗಾಳಿಗೆ. ಮೆಕ್ಯಾನಿಕ್ ಜೋರಾಗಿ ಬಿಟ್ಟರು. ಊದುಬತ್ತಿಯ ಹೊಗೆ ದಾರ ಎಳೆದಂತೆ ಪೆನ್ನಿನೊಳಗೆ ಸರ್ರನೆ ಏರಿತು, ಬಾಟಲಿಯ ನಡುವಿನಲ್ಲಿ ಸುಳಿಯಾಗಿ ಒಡೆಯಿತು. ಸೊಂಟ ದಾಟಿದ ಮೇಲೆ ಹೊಗೆ ಯಾವುದು ಗಾಳಿ ಯಾವುದು ಎಂದು ಗೊತ್ತಾಗದ ಹಾಗೆ ಬಾಟಲಿಯೆಲ್ಲ ತೆಳ್ಳಗೆ ಬೂದಿಬಣ್ಣವಾಯಿತು. ಗಾಳಿಯನ್ನು ಹೆಚ್ಚಿಸಿದಷ್ಟೂ ಹೆಚ್ಚು ಎಳೆಯಿತು.

“ಇನ್ನೊಂದ್ಸಲ” ಎಂದರು ಅವನ ತಾಯಿ. ಇನ್ನೊಂದು ಸಲ ಮಾಡಿದೆವು. ಆಮೇಲೆ ಮೆಕ್ಯಾನಿಕ್ ಇನ್ನೊಂದು ಸಲ ಎಂದರು. ಊದುಬತ್ತಿ ಮುಗಿಯುವ ತನಕ ಮಾಡಿದೆವು. ಗಾಳಿಗೆ ಬೆನ್ನು ಕೊಟ್ಟರೆ ಬೆನ್ನ ಹಿಂದೆ ಗಾಳಿ ತೆಳುವಾಗುತ್ತದೆ, ಆ ತೆಳುವಿಗೆ ಹೊಗೆ ಓಡಿಬರುತ್ತದೆ, ಅಲ್ಲೇ ಸುಳಿ ಏಳುವುದರಿಂದ ಬೆರೆಯುತ್ತದೆ. ದೇವರ ಪಾಲಿನ ಊದುಬತ್ತಿ ಪೂರ್ತಿ ಗಾಡಿಗೆ ಹೋಯಿತು. ಆಕೆ ಅದಕ್ಕೆ ಬೇಸರಪಡಲಿಲ್ಲ.

ಮೆಕ್ಯಾನಿಕ್ ಹೊಗೆ ಕೊಳವೆಯ ಬುಡವನ್ನು ಡೀಸೆಲ್ಲಿನಲ್ಲಿ ಅದ್ದಿ ಬ್ರಷ್ಷಿನಿಂದ ತಿಕ್ಕಿದರು. ಸುಟ್ಟ ಮಸಿಯ ಪದರ ಎದ್ದುಹೋಗಿ ಉಗುರಿನಷ್ಟು ಉದ್ದದ ಬಾಣದ ಗುರುತು ಕಂಡಿತು. ಅದು ನಮ್ಮ ಬಾಟಲಿ ಹೇಳಿದ ಕಡೆಗೇ ತೋರಿಸುತ್ತಿತ್ತು.

“ಇಷ್ಟು ಗಾಡಿ ಬಿಚ್ಚಿದೀನಿ, ಈ ಬಾಣ ನೋಡೇ ಇಲ್ಲ” ಎಂದರು ಅವರು.

“ಮೊದಲೇ ನೋಡಿದ್ದರೆ ಬಾಟಲಿ ಕತ್ತರಿಸುತ್ತಿರಲಿಲ್ಲ” ಎಂದೆ. ನನಗೆ ನಿಜವಾಗಿ ಹಾಗೇ ಅನ್ನಿಸಿತ್ತು. ಬಾಣ ಮೊದಲೇ ಸಿಕ್ಕಿದ್ದರೆ ಯಾವ ಕಡೆ ಎಂದು ತಿಳಿಯುತ್ತಿತ್ತು. ಯಾಕೆ ಎಂದು ತಿಳಿಯುತ್ತಿರಲಿಲ್ಲ.

ಮತ್ತೆ ತೊಳೆತ, ಮತ್ತೆ ಜೋಡಣೆ. ನಡುವೆ ಅವನ ತಾಯಿ ಬುತ್ತಿ ಬಿಚ್ಚಿ ಎಲ್ಲರ ಕೈಗೂ ರೊಟ್ಟಿ ಹಾಕಿದರು. ನೀರಿನ ಚೊಂಬನ್ನು ಮೆಕ್ಯಾನಿಕ್ ಎತ್ತಿಯೇ ಕುಡಿದರು. ಆಕೆ ಅದನ್ನು ಗಮನಿಸಿದ್ದನ್ನು ನಾನು ಗಮನಿಸಿದೆ.

ಕರೆಂಟು ಬಂದು ಮಗ್ಗಗಳು ಶುರುವಾಗುವ ಮೊದಲೇ ಎಂಜಿನ್ನು ಹಚ್ಚಿದರು. ನಾಲ್ಕೂ ಹೆಜ್ಜೆ ಸಮ. ಈ ಸಲ ದಿಣ್ಣೆಗೆ ಎಲ್ಲರೂ ಹೋದೆವು. ಮಕ್ಕಳ ತೂಕಕ್ಕೆ ಸರಿಯಾಗಲೆಂದು ಮೆಕ್ಯಾನಿಕ್ ಎರಡು ಹಳೆಯ ಗೇರ್‌ಬಾಕ್ಸನ್ನೂ ಹಿಂದಿನ ಸೀಟಿನ ಮುಂದೆ ಹತ್ತಿಸಿದ್ದರು. ವ್ಯಾನು ದಿಣ್ಣೆಯ ನೆತ್ತಿಗೆ ಒಂದೇ ಉಸಿರಿನಲ್ಲಿ ಹತ್ತಿತು. ನಾನು ಹಿಂದಿನ ಗಾಜಿನಲ್ಲಿ ನೋಡುತ್ತಿದ್ದೆ. ಹೊಗೆ ಕಾಣಲಿಲ್ಲ. ಅವನ ತಾಯಿ ಮುಂದೆ ಬಗ್ಗಿ ಲೈಟನ್ನೇ ಕಾಯುತ್ತಿದ್ದರು. ಅದೂ ಹತ್ತಲಿಲ್ಲ.

ನಾಲ್ಕಕ್ಕೆ ಶಾಲೆಯ ಮೈದಾನ. ಪಿ.ಟಿ. ಮೇಷ್ಟರು ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ರಜೆಯ ದಿನವೂ ಹೊತ್ತಿಗೆ ಸರಿಯಾಗಿ ಬಂದಿದ್ದರು. ಅದು ನನಗೆ ಹಿಡಿಸಿತು. ತಾವೇ ಸ್ಟಿಯರಿಂಗ್ ಹಿಡಿದು ಶಾಲೆಯ ಹಿಂದಿನ ಏರು ಹತ್ತಿಸಿ ಇಳಿಸಿದರು. ಮೂರು ಸಲ ಆರಿಸಿ ಹಚ್ಚಿದರು. ಕಡೆಗೆ ಒಳಗೆ ಕಣ್ಣಾಡಿಸಿ, “ಏನಯ್ಯ ಇದು, ಗಾಡಿಯೆಲ್ಲ ಊದುಬತ್ತಿ ವಾಸನೆ?” ಎಂದರು.

“ಪೂಜೆ ಮಾಡ್ಸಿದ್ವಿ ಸಾರ್” ಎಂದ ವ್ಯಾನಿನವನು.

“ಪೂಜೆಗೇ ಸರಿಹೋಯ್ತಾ, ಇಲ್ಲ ರಿಪೇರಿ ಮಾಡ್ಸಿದ್ಯಾ?”

“ಎರಡೂ ಸಾರ್.”

“ಸರಿ. ಸೋಮವಾರ ಲೇಟ್ ಮಾಡ್ಬೇಡ.”

ಅವನು ಮೈದಾನದ ಗೇಟು ದಾಟುವ ತನಕ ತಡೆದುಕೊಂಡಿದ್ದ. ದಾಟಿದ ಮೇಲೆ ಯಾರೂ ಅಡ್ಡವಿಲ್ಲದಿದ್ದರೂ ಉದ್ದಕ್ಕೆ ಒಂದು ಹಾರನ್ ಹೊಡೆದ.

ಕುಂದಾಣಕ್ಕೆ ಹೋದಾಗ ಬಿಸಿಲು ಇಳಿದಿತ್ತು. ಜಗಲಿಯಲ್ಲಿ ಕಾದು ಕೂತವರಿಗೆ ನಾವು ಯಾಕೆ ತಡವಾದೆವೆಂದು ಅವನ ತಾಯಿಯೇ ವರದಿ ಒಪ್ಪಿಸಿದರು. ನಾನು ತೋಳಿಗೆ ಪಟ್ಟಿ ಸುತ್ತುತ್ತಾ ಕೇಳಿಸಿಕೊಂಡೆ.

“ಇವಾಗಿನ್ ಗಾಡಿ ತನ್ನ ಹೊಗೇನ ತಾನೇ ಕುಡೀತದೆ ಕಣವ್ವ.”

“ಅಯ್ಯೋ, ಎಂಜಲಲ್ವಾ?” ಎಂದಳು ತಂಗಿ.

“ಎಂಜಲು ಯಾಕಾಯ್ತದೆ? ಹೆಪ್ಪು ಅದು. ನೆನ್ನೆ ಮೊಸರು ಇವತ್ತಿನ ಹಾಲಿಗೆ ಹಾಕಲ್ವಾ? ಅದನ್ನೇನು ಎಂಜಲು ಅಂತೀಯ? ಸರಿಯಾಗಿ ಕಲಸ್ಬೇಕು, ಅಷ್ಟೆ.”

ನನ್ನೊಳಗೆ ಒಂದು ತಿದ್ದುಪಡಿ ಎದ್ದಿತು. ಹೆಪ್ಪು ಹಾಲನ್ನೇ ಬದಲಿಸುತ್ತದೆ, ರಾತ್ರಿಯೆಲ್ಲ ತಾನೂ ಬೆಳೆಯುತ್ತದೆ. ಹೊಗೆ ಬೆಳೆಯುವುದೂ ಇಲ್ಲ, ಗಾಳಿಯನ್ನು ಬದಲಿಸುವುದೂ ಇಲ್ಲ. ಆದರೆ ಪಟ್ಟಿ ಸುತ್ತಿಸಿಕೊಂಡು ಕೂತವರಿಗೆ ಮೊದಲು ಬಿಪಿ ಎಷ್ಟೆಂದು ಹೇಳಬೇಕಿತ್ತು. ಕಲಸುವ ಮಾತಂತೂ ಪೂರ್ತಿ ಸರಿಯಾಗಿತ್ತು. ಪಟ್ಟಿ ಬಿಚ್ಚಿ ಪಕ್ಕದವರ ತೋಳಿಗೆ ಸುತ್ತಿದೆ.

ವಾಪಸ್ ಬರುವ ದಾರಿಯಲ್ಲಿ ಆಕೆ ಮಗನಿಗೆ ಹೇಳಿದ್ದು ಒಂದೇ ಮಾತು. “ಹೊಸ ತಟ್ಟೆ ತಗೊಂಡ್ಬಾ. ನನಗಲ್ಲ, ಸೊಸೆ ಹೆಸರು ಹಾಕ್ಸು.”

ಮನೆಗೆ ಬಂದು ಕೈಕಾಲು ತೊಳೆದೆ. ಬಿಪಿ ಯಂತ್ರ ಒರೆಸಿ ಪೆಟ್ಟಿಗೆಯಲ್ಲಿಟ್ಟೆ. ಹಾಲು ಉಗುರುಬೆಚ್ಚಗಾಗುವ ತನಕ ಕಾದು, ಒಂದು ಚಮಚ ಮೊಸರು ಹಾಕಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಹುಯ್ದೆ. ಮೇಲಿನಿಂದ ಬಿದ್ದ ಧಾರೆ ಹಾಲಿನ ನಡುವೆ ಸುಳಿ ಎಬ್ಬಿಸುವುದನ್ನು ನೋಡುತ್ತ ಇನ್ನೊಂದೆರಡು ಸಲ ಹುಯ್ದೆ. ಆಮೇಲೆ ಮುಚ್ಚಿಟ್ಟೆ.